ಅಬ್ಬಾರ ಎದೆಗೆ ತೌಡಿನ ಬಿಸ್ಕೀಟು

ಬೇಕರಿ ಇಟ್ಟವನ ಬಾಳಿನಲ್ಲಿ ನಗೆಪಾಟಲಿಗೆ ರಜೆ ಇಲ್ಲ. ಭಟ್ಟಿ ಸರಿಯಾಗಿ ಕಾಯದ ದಿನ ಬ್ರೆಡ್ಡು ಹಸಿಹಸಿ, ಹೆಚ್ಚು ಕಾದ ದಿನ ಕರ್ರಗೆ, ಎಲ್ಲ ಸರಿಯಾಗಿ ಬಂದ ದಿನ ಯಾವನಾದರೂ ಗಿರಾಕಿ ಬಂದು "ನಿನ್ನಿ ಬ್ರೆಡ್ ಉಳದೈತೇನ್ರಿ, ಅದರ ರುಚೀನ ಬ್ಯಾರೆ" ಎಂದು ಕೇಳುತ್ತಾನೆ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಬೇಕರಿ ಇದ್ದಷ್ಟು ಕಾಲವೂ ಇಂಥವು ನಡೆಯುತ್ತಲೇ ಇದ್ದವು. ಆದರೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬಿಸ್ಕೀಟಿನೊಳಗಿನ ವನಸ್ಪತಿ ತುಪ್ಪ ತೆಗೆದು ತೌಡು ಹಾಕಲು ಹೊರಟೆನಲ್ಲ, ಆಗ ನಡೆದದ್ದನ್ನು ನೆನೆದರೆ ಈಗಲೂ ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಾಳೆ. ನಾನು ಎದುರಿಗೆ ಹೋದರೆ ಇನ್ನೂ ಜಾಸ್ತಿ ನಗುತ್ತಾಳೆ.

ಈಗ ಅದೇ ತೌಡಿನ ಬಿಸ್ಕೀಟು ಹೊಳೆಯುವ ಕಾಗದ ಸುತ್ತಿಕೊಂಡು ದೊಡ್ಡ ಅಂಗಡಿಗಳಲ್ಲಿ ಕೂತಿರುತ್ತದೆ. ಓದಿದವರು ಪೊಟ್ಟಣದ ಹಿಂದಿನ ಬರಹ ಓದಿ, ತಲೆಯಾಡಿಸಿ, ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ನಾನು ಮಾಡಿದಾಗ ಮಾತ್ರ ಊರೆಲ್ಲ ಅದಕ್ಕೆ ದನದ ಮೇವು ಎಂದಿತು. ನನಗೆ ಹೊಟ್ಟೆಯುರಿ ಇಲ್ಲ ಎಂದರೆ ಸುಳ್ಳಾಗುತ್ತದೆ.

ರುಚಿ ನೋಡುವ ಕೆಲಸ

ನಮ್ಮ ತಂದೆಯನ್ನು ನಾವು ಅಬ್ಬಾ ಎನ್ನುತ್ತಿದ್ದೆವು. ಮನೆಯಲ್ಲಿ ನಮ್ಮ ಮಾತು ದಖ್ಖನಿ ಉರ್ದು. ಆದರೆ ಅಬ್ಬಾ ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಿದ್ದರು, ಬೈಯಲು ಕನ್ನಡವೇ ಚಲೋ ಎಂಬುದು ಅವರ ಅಭಿಪ್ರಾಯ. ಬೇಕರಿಯಲ್ಲಿ ಅವರದು ಒಂದೇ ಕಾನೂನು. ಭಟ್ಟಿಯಿಂದ ಹೊರಬಂದ ಪ್ರತಿ ತಟ್ಟೆಯ ಮೊದಲ ಬಿಸ್ಕೀಟು ಅವರ ಬಾಯಿಗೆ ಹೋಗಬೇಕು. "ನಾ ತಿನ್ಲಾರದ್ದನ್ನ ಮಂದಿಗೆ ಹೆಂಗ ಮಾರ್ಲಿ?" ಎನ್ನುತ್ತಿದ್ದರು. ನಾನಖಟಾಯಿ ಆಗಲಿ, ಖಾರಿ ಆಗಲಿ, ಉಪ್ಪಿನ ಬಿಸ್ಕೀಟಾಗಲಿ, ಒಂದು ತಿಂದು, ಕಣ್ಣು ಮುಚ್ಚಿ, "ಹೂಂ" ಅಂದ ಮೇಲೆಯೇ ಮಾಲು ಗಾಜಿನ ಬರಣಿಗೆ ಹೋಗುತ್ತಿತ್ತು. ನಾನಖಟಾಯಿಯಲ್ಲಿ ಮೈದಾ ಎಷ್ಟೋ ವನಸ್ಪತಿ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಸಂಜೆಯ ಹೊತ್ತಿಗೆ ಅಬ್ಬಾರ ಹೊಟ್ಟೆಯೊಳಗೆ ಒಂದು ಸಣ್ಣ ವನಸ್ಪತಿ ಡಬ್ಬಿಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ತಟ್ಟೆ ಎಳೆಯುತ್ತಿದ್ದವರು ಹಾಗೇ ಎದೆ ಹಿಡಿದುಕೊಂಡು ಮೈದಾ ಚೀಲದ ಮೇಲೆ ಕೂತರು. ಮುಖದಲ್ಲಿ ಬೆವರು. ಆಟೋದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಒಯ್ದೆ. ಡಾಕ್ಟರು ಎಲ್ಲ ನೋಡಿ, ಔಷಧಿ ಕೊಟ್ಟು, ನೋವು ಇಳಿದ ಮೇಲೆ ಹೇಳಿದರು:

"ಹಿರ್ಯಾರ, ತುಪ್ಪ, ವನಸ್ಪತಿ, ಕರದದ್ದು, ಬಿಸ್ಕೀಟು, ಎಲ್ಲಾ ಬಂದ್ ಮಾಡ್ರಿ."

"ಬಿಸ್ಕೀಟು ನಾ ತಿನ್ನಂಗಿಲ್ರಿ. ರುಚಿ ನೋಡ್ತೀನಿ ಅಷ್ಟ."

"ದಿನಕ್ಕ ಎಷ್ಟು ನೋಡ್ತೀರಿ?"

"ಎಷ್ಟು ತಟ್ಟಿ ಬರ್ತಾವೋ ಅಷ್ಟು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. "ಹಿಂಗ ನಡೀತಂದ್ರ ಮುಂದಿನ ಸಲ ನಿಮ್ಮ ಮಗ ನಿಮ್ಮನ್ನ ಇಲ್ಲಿಗೆ ತರಂಗಿಲ್ಲ, ಸೀದಾ ಕಬರಸ್ತಾನಕ್ಕ ಒಯ್ತಾನ" ಎಂದು ಅವರು ಕಟುವಾಗಿ ಹೇಳಿದರು.

"ಒಯ್ಲಿ ಬಿಡ್ರಿ" ಅಂದರು ಅಬ್ಬಾ. "ಆದ್ರ ಭಟ್ಟಿಯೊಳಗ ಮಾಲು ಇದ್ದಾಗ ಒಯ್ಯಬ್ಯಾಡ ಅಂತ ಹೇಳ್ರಿ. ಸೀದು ಹೋಗ್ತದ."

ಅವರಿಗೆ ತಮಾಷೆ. ನನಗೆ ಆ ರಾತ್ರಿ ಊಟ ಇಳಿಯಲಿಲ್ಲ. ಅಮ್ಮಿ ಅಳುತ್ತ ಕೂತಿದ್ದರು. ಅಬ್ಬಾ ಇಲ್ಲದ ಬೇಕರಿ ಹೇಗಿರುತ್ತದೆ ಎಂದು ಯೋಚಿಸಲೂ ನನಗೆ ಧೈರ್ಯ ಇರಲಿಲ್ಲ. ಮರುದಿನ ನಾನೊಬ್ಬನೇ ಡಾಕ್ಟರ ಹತ್ತಿರ ಹೋಗಿ, "ಸರ್, ರುಚಿ ನೋಡೋದನ್ನ ಅವರು ಸಾಯೋತನಕ ಬಿಡಂಗಿಲ್ಲ" ಅಂದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಹಂಗಾದ್ರ ಬಿಸ್ಕೀಟನ್ನ ಬದಲು ಮಾಡು. ವನಸ್ಪತಿ ಅರ್ಧ ತಗದು, ಆ ಜಾಗಕ್ಕ ತೌಡು, ಬೂಸಾ, ಅಂಥಾದ್ದು ಹಾಕು. ಹೊರದೇಶದಾಗ ಹಂಗ ಮಾಡ್ತಾರಂತ ಓದೀನಿ. ನಾರಿನ ಅಂಶ ಎದಿಗೂ ಚಲೋ, ಹೊಟ್ಟಿಗೂ ಚಲೋ."

ಒಬ್ಬ ಮುದುಕನ ಬಾಯಿ ಮುಚ್ಚಿಸಲು ಆಗದೆ ಇಡೀ ಸಿಂಧನೂರಿನ ಬಾಯಿಗೆ ತೌಡು ಹಾಕುವ ಕೆಲಸಕ್ಕೆ ನಾನು ಇಳಿದದ್ದು ಹೀಗೆ.

ಇಲ್ಲದ ಎಮ್ಮೆ

ಸಿಂಧನೂರಿನಲ್ಲಿ ತೌಡಿಗೇನು ಬರ? ಕಾಲುವೆ ನೀರು ಬಂದ ಮೇಲೆ ಎಲ್ಲಿ ನೋಡಿದರೂ ಭತ್ತ, ಎಲ್ಲಿ ತಿರುಗಿದರೂ ರೈಸ್ ಮಿಲ್ಲು. ಒಂದು ಮಿಲ್ಲಿಗೆ ಹೋಗಿ ಸಣ್ಣ ಚೀಲ ತೌಡು ಕೇಳಿದೆ. ಮಿಲ್ಲಿನ ಸಾಹುಕಾರ ಪರಿಚಯದವನೇ. ತೂಕ ಮಾಡಿಸುತ್ತ ಕೇಳಿದ, "ಎಷ್ಟು ಎಮ್ಮಿ ಅದಾವು?"

ಬಿಸ್ಕೀಟಿಗೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಊರಲ್ಲಿ ಯಾರು ನಮ್ಮ ಅಂಗಡಿಗೆ ಬಂದಾರು? "ಒಂದು" ಅಂದೆ.

"ಯಾವಾಗ ತಂದಿ?"

"ಮೊನ್ನೆ."

"ಈದೈತೇನು?"

"ಇನ್ನೂ ಇಲ್ಲ."

ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಬೇಕರಿ ಮುಟ್ಟುವಷ್ಟರಲ್ಲಿ ನನ್ನ ಎಮ್ಮೆ ನನಗಿಂತ ಮೊದಲೇ ಊರು ಮುಟ್ಟಿತ್ತು. ಬೇಕರಿಗೆ ಹಾಲು ಹಾಕುವ ಗೌಳಿ ಕ್ಯಾನು ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. "ಸ್ವಂತ ಎಮ್ಮಿ ತಂದೀರಂತ. ಇಷ್ಟ ವರ್ಷದ ಗಿರಾಕಿ ನೀವು. ಹಾಲು ತೆಳುವು ಬರಾಕತ್ತೈತಿ ಅಂತ ಒಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನ್ರಿ? ನೀರು ಕಡಿಮಿ ಹಾಕ್ತಿದ್ದೆ."

ಅವನನ್ನು ಸಮಾಧಾನ ಮಾಡಿ ಕಳಿಸಿದರೆ ಪಕ್ಕದ ಮನೆಯ ಅಜ್ಜಿ ಪಾತ್ರೆ ಹಿಡಿದುಕೊಂಡು ಬಂದಳು. "ಎಮ್ಮಿ ಈದ ಕೂಡ್ಲೇ ಗಿಣ್ಣದ ಹಾಲು ಮೊದ್ಲು ನನಗ ಕೊಡ್ಬೇಕಪಾ, ಬೋಗಾಣಿ ಈಗ ಇಟ್ಟು ಹೋಗ್ತೀನಿ." ಆ ಪಾತ್ರೆ ಎಷ್ಟೋ ತಿಂಗಳು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು.

ಇಷ್ಟೆಲ್ಲ ಮಾನ ಕಳೆದುಕೊಂಡು ತಂದ ತೌಡು ಹಾಕಿ ಬಿಸ್ಕೀಟು ಮಾಡಿದೆ. ಅಬ್ಬಾ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಒಂದು ತಂಬಿಗೆ ನೀರು ಕುಡಿದರು. ನಾನು ಅವರ ಬಾಯಿ ನೋಡಲಿಲ್ಲ, ಎದೆ ನೋಡಿದೆ. ಎದೆ ಸುಮ್ಮನಿತ್ತು. ನನಗೆ ಅಷ್ಟು ಸಾಕಾಗಿತ್ತು.

ಕೆಲವೇ ದಿನಕ್ಕೆ ಚೀಲದ ತೌಡಿಗೆ ಕಮಟು ವಾಸನೆ ಬಂತು. ಹೊಸದು ತರಲು ಮತ್ತೆ ಮಿಲ್ಲಿಗೆ ಹೋದರೆ ಬಾಗಿಲಲ್ಲಿ ಒಂದು ಲಾರಿ, ಅದಕ್ಕೆ ತೌಡು ತುಂಬುತ್ತಿದ್ದಾರೆ. "ಇಷ್ಟೊಂದು ಎಮ್ಮಿ ಯಾರವ್ರಿ?" ಎಂದು ಕೇಳಿದೆ. ಸಾಹುಕಾರ ನಕ್ಕ. "ಎಮ್ಮಿ ಅಲ್ಲೋ ಮಾರಾಯಾ, ಎಣ್ಣಿ ಕಾರ್ಖಾನಿಗೆ. ತೌಡಿನಾಗ ಬೇಕಾದಷ್ಟು ಎಣ್ಣಿ ಐತಿ. ಅದಕ್ಕ ದನ ಮೈ ತುಂಬ್ತಾವ, ಅದಕ್ಕ ತೌಡು ಲಗೂ ಕಮಟು ಹಿಡೀತೈತಿ."

ಅಂದರೆ ನಾನು ಮುಂದಿನ ಬಾಗಿಲಿನಿಂದ ಕೊಬ್ಬು ಹೊರಗೆ ಹಾಕಿ ಹಿಂದಿನ ಬಾಗಿಲಿನಿಂದ ಒಳಗೆ ತಂದಿದ್ದೆ. ಬರಿಗೈಯಲ್ಲಿ ತಿರುಗಿ ಹೊರಟೆ.

"ಯಾಕ, ತೌಡು ಬ್ಯಾಡೇನು? ಎಮ್ಮಿ ಹೆಂಗೈತಿ?" ಎಂದು ಸಾಹುಕಾರ ಹಿಂದಿನಿಂದ ಕೂಗಿದ.

ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಎದಿನೋವು ಬಂದೈತ್ರಿ. ಡಾಕ್ಟ್ರು ಎಣ್ಣಿ ಪದಾರ್ಥ ಬ್ಯಾಡ ಅಂದಾರ."

ಅರ್ಧ ಡಬ್ಬಿ ವಾಪಸ್

ಅಕ್ಕಿ ತೌಡು ಕೈಕೊಟ್ಟ ಮೇಲೆ ಗೋಧಿ ಬೂಸಾ ಹಿಡಿದೆ. ಅದರಲ್ಲಿ ಎಣ್ಣೆ ಕಡಿಮೆ. ಚೆನ್ನಾಗಿ ಹುರಿದು, ಜರಡಿ ಹಿಡಿದು, ನೀರಲ್ಲಿ ನೆನೆಸಿ ಹಿಟ್ಟಿಗೆ ಸೇರಿಸುವುದು. ಅಷ್ಟರಲ್ಲಿ ರಂಜಾನ್ ತಿಂಗಳು ಕೊನೆಗೆ ಬಂತು.

ನಮ್ಮ ಕಡೆ ಹಬ್ಬದ ಬಿಸ್ಕೀಟು ಕೊಳ್ಳುವುದಿಲ್ಲ, ಮಾಡಿಸುವುದು. ಈದ್ ಇರಲಿ, ದೀಪಾವಳಿ ಇರಲಿ, ಹೆಂಗಸರು ಮನೆಯಿಂದ ಮೈದಾ, ಸಕ್ಕರೆ, ವನಸ್ಪತಿ ಡಬ್ಬಿ ಹೊತ್ತು ತರುತ್ತಾರೆ, ನಾವು ಕಲಸಿ ಸುಟ್ಟು ಕೊಡುತ್ತೇವೆ. ಸುಡುವತನಕ ಅವರು ಬೆಂಚಿನ ಮೇಲೆ ಕೂತು ನಮ್ಮ ಕೈ ಕಾಯುತ್ತಾರೆ. ಯಾಕೆಂದರೆ ಬೇಕರಿಯವನು ಗಿರಾಕಿಯ ವನಸ್ಪತಿ ಕದಿಯುತ್ತಾನೆ ಎಂಬುದು ಈ ಭಾಗದಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟೇ ಖಾತ್ರಿ ಮಾತು. ನಮ್ಮ ಅಜ್ಜನ ಕಾಲದಿಂದ ನಮ್ಮ ಮೇಲೆ ಈ ಗುಮಾನಿ ಇದೆ. ಅಜ್ಜ ಕದಿಯುತ್ತಿದ್ದನೋ ಇಲ್ಲವೋ ನಾನು ಕೇಳಲು ಹೋಗಿಲ್ಲ.

ನನ್ನ ಚಿಂತೆ ಬೇರೆ. ಮಂದಿಯ ತಟ್ಟೆಯ ಮೊದಲ ಬಿಸ್ಕೀಟನ್ನೂ ಅಬ್ಬಾ ಬಿಡುತ್ತಿರಲಿಲ್ಲ. ಎದೆಯ ಔಷಧಿ ನಡೆದಿದ್ದರಿಂದ ಆ ಸಲ ಅವರಿಗೆ ರಂಜಾನಿನ ಉಪವಾಸವೂ ಇರಲಿಲ್ಲ. ಹಬ್ಬದ ವಾರದಲ್ಲಿ ದಿನವಿಡೀ ಭಟ್ಟಿ. ಆ ವಾರ ಅವರ ಎದೆ ತಡೆದೀತೆ ಎಂದು ನನಗೆ ನಿದ್ದೆಯೇ ಇಲ್ಲ. ಹೀಗಾಗಿ ನಮ್ಮ ಓಣಿಯ ಒಬ್ಬ ಚಾಚಿ ಡಬ್ಬಿ ತಂದು ಇಟ್ಟಾಗ, "ಚಾಚಿ, ಅರ್ಧ ವನಸ್ಪತಿ ಸಾಕು, ಉಳಿದದ್ದಕ್ಕ ಬೂಸಾ ಹಾಕ್ತೀನಿ, ಮೈಗೆ ಚಲೋ" ಅಂದೆ. ಆಕೆ ಪಕ್ಕದವಳ ಜೊತೆ ಸೊಸೆಯ ವಿಷಯ ಮಾತಾಡುತ್ತಿದ್ದಳು. "ಹೂಂ, ಮಾಡು" ಅಂದಳು. ಸೊಸೆಯ ವಿಷಯ ಬಂದರೆ ಯಾವ ಚಾಚಿಗೂ ಬೇರೆ ಮಾತು ಕಿವಿಗೆ ಬೀಳುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಬಿಸ್ಕೀಟು ಹೊರಬಂದವು. ಬಣ್ಣ ಹೊಲದ ಮಣ್ಣಿನದು. ಚಾಚಿ ಒಂದನ್ನು ಮುರಿಯಲು ನೋಡಿದಳು. ಮುರಿಯಲಿಲ್ಲ. ಬೆಂಚಿನ ಅಂಚಿಗೆ ಕುಟ್ಟಿದಳು, ಬೆಂಚಿಗೆ ಗುರುತು ಬಿತ್ತು. "ನಾನಖಟಾಯಿ ಅಂದ್ರ ಬಾಯಾಗ ಇಟ್ಟರ ಕರಗಬೇಕು. ಇದನ್ನ ಇಟ್ಟರ ನನ್ನ ಹಲ್ಲು ಕರಗ್ತಾವ. ನನ್ನ ವನಸ್ಪತಿ ಎಲ್ಲಿ?"

ನಾನು ಹೆಮ್ಮೆಯಿಂದ ಡಬ್ಬಿ ಮುಂದಿಟ್ಟೆ. "ಇಲ್ಲೈತ್ರಿ ಚಾಚಿ, ಅರ್ಧ ಉಳಿಸೀನಿ."

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಡಬ್ಬಿಯ ಕಡೆ ಕತ್ತು ಚಾಚಿದರು. ಬೇಕರಿಯವನು ವನಸ್ಪತಿ ವಾಪಸ್ ಕೊಟ್ಟದ್ದನ್ನು ಅವರಲ್ಲಿ ಯಾರೂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಚಾಚಿ ಡಬ್ಬಿಯೊಳಗೆ ಇಣುಕಿದಳು, ನನ್ನ ಮುಖ ನೋಡಿದಳು, ಮತ್ತೆ ಡಬ್ಬಿ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಷ್ಟು ವಾಪಸ್ ಕೊಡಾಕತ್ತಾನಂದ್ರ ಎಷ್ಟು ಕದ್ದಿರಬೇಕು ನೋಡ್ರಿ."

ನಾನು ಅಬ್ಬಾರ ಎದೆನೋವಿನ ಕತೆಯೆಲ್ಲ ಹೇಳಿದೆ. ಆಕೆ ಕೇಳಿ, "ನಿಮ್ಮಪ್ಪನ ಎದಿ ಸಲುವಾಗಿ ನಾನು ಬೀಗರ ಮುಂದ ಕಲ್ಲು ಇಡ್ಬೇಕೇನು?" ಅಂದಳು. ಮಾತಿನಲ್ಲಿ ನ್ಯಾಯ ಇತ್ತು. ಅಬ್ಬಾ ಒಳಗಿಂದ ಬಂದು, ಎಲ್ಲರ ಎದುರಿಗೇ ನನಗೆ ಶುದ್ಧ ಕನ್ನಡದಲ್ಲಿ ಮಂಗಳಾರತಿ ಮಾಡಿ, ನಮ್ಮದೇ ಸಾಮಾನು ಹಾಕಿ ಆಕೆಗೆ ಬೇರೆ ಬಿಸ್ಕೀಟು ಮಾಡಿಕೊಟ್ಟರು. ತಟ್ಟೆ ಹೊರಬಂದಾಗ ಎಂದಿನಂತೆ ಅವರ ಕೈ ಮೊದಲ ಬಿಸ್ಕೀಟಿಗೆ ಹೋಯಿತು. ಚಾಚಿ ಆ ಕೈ ಹಿಡಿದಳು.

"ಕಳ್ಳರ ಮನಿ ರುಚಿ ನನಗ ಬ್ಯಾಡ. ಇನ್ಮ್ಯಾಲ ನಮ್ಮ ತಟ್ಟಿ ರುಚಿ ನಾವ ನೋಡ್ಕೋತೀವಿ."

ಬೆಂಚಿನ ಹೆಂಗಸರೆಲ್ಲ ಹೌದು ಹೌದು ಅಂದರು. ಡಾಕ್ಟರಿಂದಲೂ ಆಗದ ಕೆಲಸ ಅರ್ಧದಷ್ಟು ಆ ಹೊತ್ತಿಗೆ ಆಗಿಹೋಯಿತು. ನಾನು ಕಳ್ಳನಾದದ್ದಕ್ಕೆ ಈದ್ ಮುಗಿಯುವವರೆಗೂ ಒಳಗೊಳಗೇ ಖುಷಿಪಟ್ಟೆ.

ಮಸ್ಕಿಯಲ್ಲಿ ಚಾ ಕುಡಿದವರು ಯಾರು

ಸ್ವಂತ ಮಾಲಿನ ಮೇಲೆ ನನಗೆ ಅಧಿಕಾರ ಇತ್ತಲ್ಲ, ಅದರಲ್ಲಿ ಬೂಸಾ ಬಿಡಲಿಲ್ಲ. ಗಾಜಿನ ಬರಣಿಗಳೆಲ್ಲ ಮಣ್ಣಿನ ಬಣ್ಣಕ್ಕೆ ತಿರುಗಿದವು. ಬ್ರೆಡ್ಡು ಬನ್ನಿನ ವ್ಯಾಪಾರ ಹೇಗೋ ನಡೆಯುತ್ತಿತ್ತು, ಬಿಸ್ಕೀಟನ್ನು ಮಾತ್ರ ಊರವರು ದೂರದಿಂದಲೇ ನೋಡಿ ಹೋಗುತ್ತಿದ್ದರು. ಸಿಂಧನೂರು ಒಲ್ಲೆ ಅಂದರೆ ಏನಾಯಿತು, ಮಸ್ಕಿ ಇದೆ ಎಂದು ಎರಡು ತಗಡಿನ ಡಬ್ಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ಹೊರಟೆ.

ಮಸ್ಕಿಯ ರಸ್ತೆ ಬದಿಯಲ್ಲಿ ಒಂದು ಚಾದ ಹೋಟೆಲು. ಮಾಲೀಕ ನಮ್ಮ ಹಳೆಯ ಗಿರಾಕಿ. ಬಿಸ್ಕೀಟು ಇಟ್ಟುಕೊಂಡ, ನಾನೂ ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಮೊದಲು ಬಂದವರು ಒಬ್ಬ ಹಿರಿಯರು, ತಲೆಗೆ ದೊಡ್ಡ ರುಮಾಲು. ಬಿಸ್ಕೀಟು ಕಚ್ಚಿ ನೋಡಿ, ಅದು ಬಗ್ಗುವುದಿಲ್ಲ ಎಂದು ಗೊತ್ತಾಗಿ, ಚಾದಲ್ಲಿ ಅದ್ದಿ ಹಿಡಿದು, ಪಕ್ಕದವನ ಜೊತೆ ಭತ್ತದ ಮಾತಿಗೆ ಇಳಿದರು. ಮಾತು ಮುಗಿಸಿ ನೋಡಿದರೆ ಬಿಸ್ಕೀಟು ಎರಡರಷ್ಟು ಉಬ್ಬಿತ್ತು, ಚಾದ ಕಪ್ಪು ಬರಿದಾಗಿತ್ತು. ಬೂಸಾದ ಗುಣವೇ ಅದು, ನೀರು ಕಂಡರೆ ಬಿಡುವುದಿಲ್ಲ.

ಹಿರಿಯರು ಕಪ್ಪು ಬೋರಲು ಹಾಕಿ ನೋಡಿದರು. ಪಕ್ಕದವನನ್ನು ಅನುಮಾನದಿಂದ ನೋಡಿದರು. "ನನ್ನ ಚಾ ನೀ ಕುಡದಿ?"

"ನಾ ಯಾಕ ಕುಡೀಲಿ? ನಂದು ಎಲ್ಲಿ ಹೋತು ಅಂತ ನಾನ ಹುಡುಕಾಕತ್ತೀನಿ." ಅವನ ಕಪ್ಪಿನಲ್ಲೂ ಬಿಸ್ಕೀಟು ಇತ್ತು.

ಸ್ವಲ್ಪ ಹೊತ್ತಿನಲ್ಲಿ ಹೋಟೆಲಿನಲ್ಲಿ ಗದ್ದಲ. ಎಲ್ಲರೂ ಚಾ ಕಡಿಮೆ ಕೊಟ್ಟಿದ್ದೀ ಎಂದು ಮಾಲೀಕನ ಮೇಲೆ ಏರಿಹೋದರು. ಆತ ಒಂದು ಬಿಸ್ಕೀಟು ಎತ್ತಿ, ಎಲ್ಲರ ಎದುರಿಗೆ ತುಂಬಿದ ಕಪ್ಪಿನಲ್ಲಿ ಇಳಿಬಿಟ್ಟ. ಗಿರಾಕಿಗಳೆಲ್ಲ ಸುತ್ತ ನಿಂತು ಬಗ್ಗಿ ನೋಡಿದರು. ಚಾ ಕಣ್ಣೆದುರಿಗೇ ಇಳಿಯಿತು.

ನಾನು ಡಬ್ಬಿ ಎತ್ತಿಕೊಂಡು ಹಿಂದಿನ ಬಾಗಿಲು ಹುಡುಕುತ್ತಿದ್ದೆ. ಮಾಲೀಕ ಬಂದು ನನ್ನ ತೋಳು ಹಿಡಿದ. ಹೊಡೆಯುತ್ತಾನೆ ಎಂದುಕೊಂಡೆ. ಆತ ಮೆಲ್ಲಗೆ ಕಿವಿಯಲ್ಲಿ ಹೇಳಿದ: "ವಾರಕ್ಕ ಎರಡು ಡಬ್ಬಿ ಕಳಸ್ರಿ. ಎಲ್ಲಾರೂ ಎರಡನೇ ಚಾ ಹೇಳಾಕತ್ತಾರ. ಬಿಸ್ಕೀಟು ಹಿಂಗ ಇರ್ಲಿ, ದಯಮಾಡಿ ಸುಧಾರಸಾಕ ಹೋಗಬ್ಯಾಡ್ರಿ."

ಲಿಂಗಸುಗೂರಿನ ಮೀಟಿಂಗು

ಆದರೆ ಸುಧಾರಿಸದೆ ನನಗೆ ಗತಿ ಇರಲಿಲ್ಲ. ಅಬ್ಬಾರ ಹಲ್ಲು ಮೊದಲೇ ಅರ್ಧ ಹೋಗಿದ್ದವು. ಎದೆ ಉಳಿಸಲು ಹೋಗಿ ಹಲ್ಲು ಕಳೆದೆ ಅನ್ನಿಸಬಾರದು. ವನಸ್ಪತಿ ಕೊಡುವ ಆ ನುಣುಪು ಬೇರೆ ಯಾವುದರಿಂದ ಬರುತ್ತದೆ ಎಂದು ಯೋಚಿಸುತ್ತಿದ್ದಾಗ ನನಗೆ ಹೊಳೆದದ್ದು ಔಷಧಿ ಅಂಗಡಿಯ ಇಸಬ್‌ಗೋಲ್. ನೀರಿಗೆ ಹಾಕಿದರೆ ಲೋಳೆಯಾಗುತ್ತದೆ, ಅದೂ ನಾರೇ. ಅದನ್ನು ಮನೆಯಲ್ಲಿ ಯಾತಕ್ಕೆ ಕುಡಿಯುತ್ತಾರೆ ಎಂಬುದು ಮಾತ್ರ ಆ ಉತ್ಸಾಹದಲ್ಲಿ ಮರೆತುಹೋಗಿತ್ತು.

ಕೈಬಿಚ್ಚಿ ಹಾಕಿದೆ. ಬಿಸ್ಕೀಟು ಮೆತ್ತಗೆ ಬಂದವು, ಹಲ್ಲಿಗೆ ಬಗ್ಗಿದವು. ನನಗೆ ಹಬ್ಬವೇ ಆಯಿತು. ಅದೇ ವಾರ ಲಿಂಗಸುಗೂರಿನ ಒಂದು ಕಚೇರಿಯಿಂದ ಜವಾನ ಬಂದ. ಅವರ ಸಾಹೇಬರಿಗೆ ಸಕ್ಕರೆ ಕಾಯಿಲೆ, ಬೊಜ್ಜು, ಎರಡೂ ಇದ್ದವು. ಸಿಂಧನೂರಿನಲ್ಲಿ ಯಾರೋ ಕೊಬ್ಬಿಲ್ಲದ ಬಿಸ್ಕೀಟು ಮಾಡುತ್ತಾರೆ ಎಂದು ಕೇಳಿ, ದೊಡ್ಡ ಮೀಟಿಂಗಿಗೆ ಬೇಕು ಎಂದು ಹೇಳಿ ಕಳಿಸಿದ್ದರು. ಅರ್ಧ ಸಕ್ಕರೆ ಹಾಕಿ ಮಾಡಿ, ನಾನೇ ಹೋಗಿ ಮುಟ್ಟಿಸಿದೆ. ಸರ್ಕಾರಿ ಮಂದಿಯ ಬಾಯಲ್ಲಿ ಒಳ್ಳೆಯ ಮಾತು ಬಂದರೆ ಅಬ್ಬಾರ ಮುಂದೆ ಹೇಳಿಕೊಳ್ಳಬಹುದು ಎಂದು ವರಾಂಡದಲ್ಲಿ ಕೂತೆ.

ಸಾಹೇಬರು ಉದ್ದುದ್ದ ಮಾತಾಡುವವರು. ಅವರ ಮೀಟಿಂಗು ಮುಂಜಾನೆ ಶುರುವಾದರೆ ಸಂಜೆ ದೀಪ ಹಚ್ಚಿದ ಮೇಲೂ ನಡೆಯುತ್ತದೆ ಎಂದು ಜವಾನ ನನಗೆ ಹೇಳಿದ್ದ. ಒಳಗೆ ಚಾ, ಬಿಸ್ಕೀಟು ಹೋದವು. ಪುಕ್ಕಟೆ ಸಿಕ್ಕದ್ದನ್ನು ನಮ್ಮ ಮಂದಿ ಲೆಕ್ಕ ಹಿಡಿದು ತಿನ್ನುವುದಿಲ್ಲ, ಮೇಲೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ಬೇರೆ. ತಟ್ಟೆ ಖಾಲಿಯಾಗಿ ಹೊರಬಂದವು. ನನ್ನ ಎದೆ ಉಬ್ಬಿತು.

ಮಧ್ಯಾಹ್ನದ ಊಟ ಆಗಿ, ಎಲ್ಲರೂ ಮೇಲಿಂದ ಮೇಲೆ ನೀರು ಕುಡಿದು, ಮತ್ತೆ ಮೀಟಿಂಗಿಗೆ ಕೂತರು. ಮೊದಲು ಒಬ್ಬ ಗುಮಾಸ್ತ ಹೊರಬಂದು ಗಂಭೀರವಾಗಿ ಹಿತ್ತಲ ಕಡೆ ಹೋದ. ಅವನ ಹಿಂದೆ ಇಂಜಿನಿಯರು, ಅಷ್ಟೊಂದು ಗಂಭೀರವಾಗಿ ಅಲ್ಲ. ಅವರ ಹಿಂದೆ ಬಂದವರು ಓಡುತ್ತಲೇ ಬಂದರು. ಆ ಕಚೇರಿಯಲ್ಲಿ ಪಾಯಖಾನೆ ಇದ್ದದ್ದು ಒಂದು, ಅದರ ಚಿಲಕವೂ ಕೆಟ್ಟಿತ್ತು. ಕೆಳಗಿನವರು ಮೇಲಿನವರಿಗೆ ಜಾಗ ಬಿಟ್ಟುಕೊಡಬೇಕೋ ಬೇಡವೋ ಎಂದು ಹಿತ್ತಲಲ್ಲಿ ಹೊಸ ವಾದ ಶುರುವಾಯಿತು. ಕೊನೆಗೆ ಸಾಹೇಬರೇ ಮಾತು ನಡುವೆ ನಿಲ್ಲಿಸಿ, ಕುರ್ಚಿ ಹಿಂದೆ ದೂಡಿ, ಮೀಟಿಂಗ್ ಮುಗಿಯಿತು ಎಂದು ನಡೆಯುತ್ತಲೇ ಹೇಳಿ, ಜೀಪು ಹತ್ತಿ ಮನೆಗೆ ಹೋದರು.

ನಾನು ಕಂಬದ ಹಿಂದೆ ನಿಂತಿದ್ದೆ. ಜೈಲು ಖಾತ್ರಿ ಎಂದುಕೊಂಡೆ. ಮುಂದಿನ ವಾರ ಅದೇ ಜವಾನ ಮತ್ತೆ ಬೇಕರಿಗೆ ಬಂದ. ನಾನು ಭಟ್ಟಿಯ ಹಿಂದೆ ಸರಿದೆ. ಆತ ನಗುತ್ತ ಹೇಳಿದ: "ಇನ್ನೊಂದು ಡಬ್ಬಿ ಬೇಕಂತ್ರಿ. ಸಾಹೇಬ್ರು ಅಲ್ಲ, ಉಳಿದ ಸ್ಟಾಫ್‌ನವ್ರು ತಮ್ಮ ಕೈಯಿಂದ ರೊಕ್ಕ ಹಾಕಿ ತರಿಸಾಕತ್ತಾರ. ಆವತ್ತು ಒಂದು ದಿನ ಎಲ್ಲಾರೂ ಹೊತ್ತು ಮುಳುಗೋದ್ರಾಗ ಮನಿ ಮುಟ್ಟಿದ್ರು."

ಡಾಕ್ಟರ ಕೋಣೆಗೆ ಬಂದ ಆಡು

ಇಸಬ್‌ಗೋಲ್ ಕಡಿಮೆ ಮಾಡಿದೆ. ಬೂಸಾ ಹೆಚ್ಚು ಮಾಡಿದೆ, ಮತ್ತೆ ಕಡಿಮೆ ಮಾಡಿದೆ. ಹೀಗೆ ಮಾಡುತ್ತ ಒಂದು ವರ್ಷ ದಾಟಿತು. ಈ ಎಲ್ಲ ಗೋಳಿನ ನಡುವೆ ಒಂದೇ ಸಮಾಧಾನ ಎಂದರೆ ಅಬ್ಬಾ. ಅವರಿಗೆ ಮತ್ತೆ ಎದೆನೋವು ಬರಲಿಲ್ಲ. ಹೊಟ್ಟೆ ಇಳಿಯಿತು, ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಊರು ನಗಲಿ, ಮಿಲ್ಲಿನವನು ನನ್ನ ಎಮ್ಮೆಯ ಎದೆ ವಿಚಾರಿಸಲಿ, ಚಾಚಿ ನನ್ನನ್ನು ಕಳ್ಳ ಅನ್ನಲಿ. ಪ್ರತಿ ತಟ್ಟೆಯ ಮೊದಲ ಬಿಸ್ಕೀಟು ಎತ್ತಿಕೊಂಡು, ಬೆಳಕಿನಲ್ಲಿ ನೋಡಬೇಕು ಎಂದು ಹೊರಗೆ ಹೋಗಿ, ಬಾಯಿ ಒರೆಸಿಕೊಳ್ಳುತ್ತ ಒಳಬಂದು ಅಬ್ಬಾ "ಹೂಂ" ಅಂದರೆ ನನಗೆ ಎಲ್ಲ ಮರೆತುಹೋಗುತ್ತಿತ್ತು.

ಡಾಕ್ಟರು ಕರೆದರು ಎಂದು ಅಬ್ಬಾರನ್ನು ಕರೆದುಕೊಂಡು ಹೋದೆ. ತೂಕ ನೋಡಿದರು, ಬಿಪಿ ನೋಡಿದರು, ರಾಯಚೂರಿನಲ್ಲಿ ಮಾಡಿಸಿದ ರಕ್ತದ ರಿಪೋರ್ಟು ಎರಡು ಸಲ ಓದಿದರು. ಆಮೇಲೆ ಎದ್ದು ಬಂದು ನನ್ನ ಬೆನ್ನು ತಟ್ಟಿದರು.

"ಔಷಧಿಯಿಂದ ಇಷ್ಟು ಆಗಂಗಿಲ್ಲ. ನಿನ್ನ ಬಿಸ್ಕೀಟಿನ ಕೆಲಸ ಇದು. ಯಾವುದು ಎಷ್ಟು ಹಾಕ್ತಿ, ಬರದು ಕೊಡು. ನನ್ನ ಎಲ್ಲಾ ಪೇಷಂಟರಿಗೂ ಹೇಳ್ತೀನಿ."

ಒಂದು ವರ್ಷದ ಅವಮಾನ ಆ ಒಂದು ಮಾತಿನಲ್ಲಿ ತೊಳೆದುಹೋಯಿತು. ಮುಂದೆ ದೊಡ್ಡ ಬೋರ್ಡು ಬರೆಸಬೇಕು, ಚಾಚಿಯ ಮನೆ ಮುಂದೆಯೇ ಹಾಕಿಸಬೇಕು ಎಂದು ಯೋಚಿಸುತ್ತಿದ್ದೆ. ಹೊರಗೆ ಕಂಪೌಂಡರು ಯಾರನ್ನೋ ಗದರುವ ಸದ್ದು ಕೇಳಿಸಿತು. ಪರದೆ ಸರಿಯಿತು. ಒಂದು ಆಡು ಒಳಗೆ ಬಂತು.

ಮೈ ತುಂಬಿದ, ಮಿರಿಮಿರಿ ಮಿಂಚುವ, ದಿನಾ ನಮ್ಮ ಬೇಕರಿ ಬಾಗಿಲ ಹೊರಗೆ ನಿಲ್ಲುವ ಬಸ್ ನಿಲ್ದಾಣದ ಆಡು. ಅದು ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ಸೀದಾ ಅಬ್ಬಾರ ಹತ್ತಿರ ಹೋಗಿ, ಸ್ವಂತ ಮನೆಗೆ ಹೋದಷ್ಟು ಸಲೀಸಾಗಿ ಅವರ ಜುಬ್ಬಾದ ಜೇಬಿಗೆ ಮೂತಿ ತೂರಿಸಿತು. ಅಬ್ಬಾ ಮೊಣಕೈಯಿಂದ ದೂಡಿದರು. ಆಡು ಬಿಡಲಿಲ್ಲ. ಜೇಬು ಹರಿಯಿತು. ಆ ದಿನ ಮುಂಜಾನೆಯ ಪ್ರತಿ ತಟ್ಟೆಯ ಮೊದಲ ಬಿಸ್ಕೀಟುಗಳೆಲ್ಲ ಡಾಕ್ಟರ ಟೇಬಲ್ಲಿನ ಕೆಳಗೆ ಟಕಟಕ ಸದ್ದು ಮಾಡುತ್ತ ಉರುಳಿದವು.

ಆಡು ಅವನ್ನು ಕಟುಂ ಕಟುಂ ಎಂದು ತಿನ್ನತೊಡಗಿತು.

"ಹಿರ್ಯಾರ" ಅಂದರು ಡಾಕ್ಟರು, "ನೀವು ಬಿಸ್ಕೀಟು ತಿನ್ನಾಕತ್ತಿಲ್ಲೇನು?"

"ಮೊದ್ಲ ಮೊದ್ಲ ತಿಂದೆ" ಅಂದರು ಅಬ್ಬಾ. "ಆಮ್ಯಾಲ ಆಗಲಿಲ್ರಿ."

"ರುಚಿ ನೋಡ್ಲಾರದ ಮಾರಂಗಿಲ್ಲ ಅಂತಿದ್ರಿ?"

"ನೋಡೀನಲ್ರಿ. ಒಮ್ಮೆ ನೋಡಿದ್ದು ಈ ಜನ್ಮಕ್ಕ ಸಾಕಾತು."

"ಬ್ಯಾರೆ ಅಂಗಡಿದು ತಿಂತೀರೇನು?"

"ಛೆ, ಇಲ್ರಿ. ಬ್ಯಾರೆ ಅಂಗಡಿದು ತಿಂದ್ರ ನಮ್ಮ ಅಂಗಡಿ ಮಾನ ಹೋಗ್ತದ. ನಮ್ಮ ಅಂಗಡಿದು ತಿಂದ್ರ ಜೀವ ಹೋಗ್ತದ. ಅದಕ್ಕ ಬಿಸ್ಕೀಟು ಅನ್ನೋದನ್ನ ಬಿಟ್ಟ ಬಿಟ್ಟೆ."

ನನಗೆ ತಡೆಯಲಾಗಲಿಲ್ಲ. "ಮತ್ತ ನನಗ ಒಂದು ಮಾತು ಯಾಕ ಹೇಳಲಿಲ್ಲ ಅಬ್ಬಾ?"

ಅವರು ನನ್ನ ಕಡೆ ತಿರುಗದೆ ಡಾಕ್ಟರಿಗೇ ಹೇಳಿದರು: "ಹುಡುಗ ಹೊತ್ತು ಹುಟ್ಟೋದ್ರಾಗ ಎದ್ದು ಬೂಸಾ ಹುರೀತಾನ್ರಿ. ನನ್ನ ಸಲುವಾಗಿ ಊರ ಮಂದಿ ಕಡೆ ಉಗಿಸ್ಕೊಂಡಾನ. ಅವನ ಮುಂದ ಹೆಂಗ ಹೇಳ್ಲಿ?"

ನನಗೆ ಅಳು ಬಂತು, 'ನನ್ನ ಬಿಸ್ಕೀಟು ಅಷ್ಟು ಕೆಟ್ಟದ್ದೇ' ಎಂದು ಸಿಟ್ಟೂ ಬಂತು, ಅಬ್ಬಾ ಗಟ್ಟಿಯಾಗಿ ಎದುರಿಗೆ ಕೂತಿದ್ದಾರಲ್ಲ ಎಂದು ಹಿಗ್ಗೂ ಬಂತು. ಮೂರೂ ಒಟ್ಟಿಗೆ ಬಂದು ಕೊನೆಗೆ ನಗುವಾಯಿತು. ಡಾಕ್ಟರು ಆಗಲೇ ಟೇಬಲ್ಲಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಕಣ್ಣು ಒರೆಸಿಕೊಂಡು, ಕೆಳಗೆ ಉರುಳಿದ್ದ ಒಂದು ಬಿಸ್ಕೀಟು ಎತ್ತಿ, ಉಜ್ಜಿ, ಧೈರ್ಯ ಮಾಡಿ ಕಚ್ಚಿ ನೋಡಿದರು. ನಗು ನಿಂತಿತು. ಉಳಿದದ್ದನ್ನು ಮರ್ಯಾದೆಯಿಂದ ಆಡಿಗೆ ಕೊಟ್ಟರು.

"ಪೇಷಂಟರಿಗೆ ಇದನ್ನ ಕೊಡೋದು ಖರೆ" ಅಂದರು. "ಒಂದ ಒಂದು ಸಲ ತಿನ್ಸಿದ್ರ ಸಾಕು, ಬಿಸ್ಕೀಟಿನ ಚಟ ಬಿಡ್ತೈತಿ."

ಆಡನ್ನು ಹೊರಗೆ ದೂಡಿಕೊಂಡು ಮೂವರೂ ರಸ್ತೆಗೆ ಬಂದೆವು, ಅಬ್ಬಾ, ನಾನು, ಆಡು. ಅಬ್ಬಾರ ಮುಖ ನೋಡಲು ನನಗೆ ಸಂಕೋಚ. ನಡೆಯುತ್ತ ಹೇಳಿದೆ, "ಇರ್ಲಿ ಅಬ್ಬಾ, ನಾಳಿಂದ ಬೂಸಾ ಇನ್ನೂ ಸಣ್ಣಗ ಬೀಸಿಸ್ತೀನಿ, ಸ್ವಲ್ಪ ಹಾಲು ಹಾಕ್ತೀನಿ. ಹೆಂಗರ ಮಾಡಿ ರುಚಿ ಬರೋ ಹಂಗ ಮಾಡ್ತೀನಿ."

ಅಬ್ಬಾ ಗಕ್ಕನೆ ನಿಂತರು. ನನ್ನ ತೋಳು ಗಟ್ಟಿಯಾಗಿ ಹಿಡಿದರು. ಸಿಟ್ಟಿಲ್ಲದೆ ಅವರು ನನ್ನ ಜೊತೆ ಕನ್ನಡ ಮಾತಾಡಿದ್ದು ಅದೊಂದೇ ಸಲ.

"ಅದೊಂದು ಮಾಡಬ್ಯಾಡಪಾ. ನೀ ಚಲೋ ಬಿಸ್ಕೀಟು ಮಾಡಾಕ ಕಲತ ದಿನ ನಾ ಸತ್ತೆ ಅಂತ ತಿಳಕೋ."